ಮೋಟರ್ ಬಯಲಿನ ಕಲ್ಲಿಗೆ ಒಂದು ಸಾಲು

ದುಂಡಸಿಯ ಮೋಟರ್ ಬಯಲಿನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ನಿಜವಾಗಿ ಏನು ನಡೆಯಿತು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬಹಳ ವರ್ಷ ನಂಬಿದ್ದೆ. ನನ್ನ ತಾಯಿಯ ತಂದೆ ಬಸಣ್ಣಜ್ಜ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ; ಮಿಲಿಟರಿ ಲಾರಿಗಳಿಗೆ ಬೆಂಕಿ ಇಟ್ಟ ಕಥೆ ಹೇಳಿದ್ದ; ಬಲ ಅಂಗೈಯ ಸುಟ್ಟ ಕಲೆ ತೋರಿಸಿದ್ದ; ಎದುರಿಗೆ ಕೆಂಪು ಉರಿ ಕುಣಿಯುತ್ತಿತ್ತು. ಇಷ್ಟೂ ನೆನಪಿದೆ. ಆದರೆ ಆ ಲಾರಿಗಳು ಅಲ್ಲಿ ನಿಂತಿದ್ದಾಗ ನಾನಿರಲಿ, ನನ್ನವ್ವನೂ ಹುಟ್ಟಿರಲಿಲ್ಲ. ಕಾಣಲು ಸಾಧ್ಯವೇ ಇಲ್ಲದ ಉರಿಯನ್ನು ಕಂಡೆ ಎನ್ನುವವನ ಉಳಿದ ನೆನಪುಗಳಿಗೆ ಏನು ಬೆಲೆ? ಕಲೆಯ ಬಗ್ಗೆ ಅವ್ವನನ್ನು ಕೇಳಿದರೆ, "ಅದು ಗಾಣದ ಮನ್ಯಾಗ ಕುದಿಯೋ ಬೆಲ್ಲ ಸಿಡಿದು ಆಗಿದ್ದು" ಎನ್ನುತ್ತಾಳೆ. ಹಾಗಂತ ಬೆಂಕಿಯ ಕಥೆಯನ್ನು ಆಕೆ ಬಿಟ್ಟುಕೊಡುವುದೂ ಇಲ್ಲ.

ಧಾರವಾಡದಲ್ಲಿ ಇತಿಹಾಸ ಓದಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಈ ಗೊಂದಲ ಇಷ್ಟು ದಿನ ತೊಂದರೆ ಕೊಟ್ಟಿರಲಿಲ್ಲ. ಕಳೆದ ನವೆಂಬರಿನಲ್ಲಿ ಶಿಗ್ಗಾಂವಿಯಿಂದ ಫೋನು ಬಂತು. ಮೋಟರ್ ಬಯಲಿನಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸುತ್ತಾರೆ. ನಲವತ್ತೆರಡರ ಚಳವಳಿಯಲ್ಲಿ ಲಾರಿಗಳಿಗೆ ಬೆಂಕಿ ಇಟ್ಟವರ ಹೆಸರು ಕೆತ್ತಿಸುತ್ತಾರೆ. ಅದರಲ್ಲಿ ನನ್ನಜ್ಜನ ಹೆಸರೂ ಇದೆ. ಮೇಲಿನ ಬರಹವನ್ನು ನಾನೇ ಬರೆಯಬೇಕು. ನಾಲ್ಕು ದಿನ ರಜೆ ಹಾಕಿ ಹೊರಟೆ.

ಹುಬ್ಬಳ್ಳಿಯಿಂದ ಶಿಗ್ಗಾಂವಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದ ಕಾಲ ಇದು, ಗಂಡಸರು ಬಾಗಿಲ ಬಳಿ ನಿಂತೇ ಬಂದೆವು. "ರೊಕ್ಕ ಕೊಟ್ಟಾವ್ರು ನಿಂತೀವಿ ನೋಡ್ರಿ" ಎಂದು ಒಬ್ಬ ಗೊಣಗಿದ. ಸೀಟಿನಲ್ಲಿದ್ದ ಹೆಂಗಸು, "ಇಷ್ಟು ವರ್ಷ ನಾವು ನಿಂತಿದ್ದಿವಲ್ಲ, ಈಗ ನಿಮ್ಮ ಪಾಳಿ" ಎಂದಳು. ಬಸ್ಸು ನಕ್ಕಿತು.

ನಿಲ್ದಾಣದಲ್ಲಿ ಚನ್ನವೀರಪ್ಪ ಕಾಯುತ್ತಿದ್ದರು. ಪೇಟೆಯಲ್ಲಿ ಅರಿವೆ ಅಂಗಡಿ, ಸ್ಮಾರಕ ಸಮಿತಿಗೆ ಅವರೇ ಮುಖ್ಯಸ್ಥರು. ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ; ಬೇಡ ಎಂಬ ಮಾತು ಅವರ ಕಿವಿಗೆ ಬೀಳುವುದಿಲ್ಲ. ಎರಡು ಪ್ಲೇಟು ಗಿರಮಿಟ್ ತಿನ್ನಿಸಿ, ತಮ್ಮ ಕಾರಿನಲ್ಲೇ ದುಂಡಸಿಗೆ ಕರೆದುಕೊಂಡು ಹೋದರು.

ಮೋಟರ್ ಬಯಲು ಊರಿನ ಹೊರಗಿದೆ. ಯುದ್ಧದ ಕಾಲದಲ್ಲಿ ಪುಣೆಯ ಹೆದ್ದಾರಿಯಿಂದ ತಂದ ಮಿಲಿಟರಿ ಲಾರಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ದುರಸ್ತಿ ಮಾಡಿ, ಹುಕುಂ ಬಂದಾಗ ಕಳಿಸುತ್ತಿದ್ದರಂತೆ. ಈಗ ಉಳಿದಿರುವುದು ಕಲ್ಲು ಹಾಸಿದ ಒಂದಿಷ್ಟು ಪಟ್ಟಿಗಳು. ಅವುಗಳ ಮೇಲೆ ಗೋವಿನಜೋಳ ಒಣಹಾಕಿದ್ದರು. ಬದಿಯಲ್ಲಿ ಸ್ಮಾರಕದ ಕಲ್ಲು ಮಲಗಿತ್ತು, ನುಣ್ಣಗೆ ಹೊಳೆಯುತ್ತ, ಅಕ್ಷರವಿಲ್ಲದೆ. ಕಲ್ಲುಹಾಸನ್ನು ಬಗ್ಗಿ ನೋಡಿದೆ, ಉಗುರಿನಿಂದ ಕೆರೆದೆ. ಸುಟ್ಟ ಗುರುತಿಗಾಗಿ ಇಷ್ಟು ಮಳೆಗಾಲಗಳ ನಂತರ ಹುಡುಕುವುದು ಮೂರ್ಖತನ ಎಂಬುದು ಗೊತ್ತಿದ್ದರೂ ಕೆರೆದೆ.

"ಏನ್ ಹುಡಕ್ತೀರಿ ಸರ?" ಚನ್ನವೀರಪ್ಪ ಕೇಳಿದರು.

"ಬೆಂಕಿ ಬಿದ್ದಿದ್ದು ಖರೆನೋ ಏನೋ ಅಂತ."

"ಅಯ್ಯ, ನಿಮ್ಮಜ್ಜನ ಹೆಸರ ಐತಲ್ಲರಿ! ಮನಿ ಮಗನ ಹಿಂಗಂದ್ರ ಹೆಂಗ?" ಎಂದು ಬೆನ್ನಿಗೆ ಗುದ್ದಿದರು. ಆಮೇಲೆ ದನಿ ತಗ್ಗಿಸಿ ಒಂದು ಕೆಲಸ ಹೇಳಿದರು. ಇಲ್ಲಿದ್ದ ಲಾರಿ ಡಿಪೋದ ಹೆಡ್ ಫಿಟ್ಟರ್ ಸವಣೂರಿನ ಮಕ್ತುಂಸಾಬ ಮೇಸ್ತ್ರಿ. ಅವನ ಹೆಸರನ್ನೂ ಸೇರಿಸುವ ವಿಚಾರವಿದೆ. "ಒಂದು ಸಾಬರ ಹೆಸರಿದ್ರ ಕಲ್ಲು ಚಂದ ಕಾಣತೈತಿ." ಆದರೆ ಮನೆಯವರ ಒಪ್ಪಿಗೆ ಇಲ್ಲದೆ ಹೆಸರು ಕೆತ್ತಬಾರದೆಂದು ಸಮಿತಿ ತೀರ್ಮಾನಿಸಿದೆ. ಮೇಸ್ತ್ರಿಯ ಮಗಳು ಇನ್ನೂ ಇದ್ದಾಳೆ. ಫೋನು ಮಾಡಿದರೆ ಇಟ್ಟುಬಿಡುತ್ತಾಳೆ. "ನೀವು ಕಲಿತಾವ್ರು, ನೀವು ಹೋದ್ರ ಹ್ಞೂಂ ಅಂತಾಳ."

ಅಂದೇ ಮಧ್ಯಾಹ್ನ ಸವಣೂರಿಗೆ ಹೋದೆ. ಆ ಕಾಲಕ್ಕೆ ಅದು ನವಾಬರ ಸಂಸ್ಥಾನ, ಶಿಗ್ಗಾಂವಿ ಬ್ರಿಟಿಷರದು. ಮೇಸ್ತ್ರಿ ಗಡಿ ದಾಟಿಯೇ ಕೆಲಸಕ್ಕೆ ಹೋಗುತ್ತಿದ್ದ ಲೆಕ್ಕ. ಈಗ ನಡುವೆ ಗಡಿಯಿಲ್ಲ, ತಗ್ಗುಗಳಿವೆ. ಇಳಿದ ಕೂಡಲೇ ಸವಣೂರ ಖಾರದ ಪೊಟ್ಟಣ ಕೊಂಡೆ. ಊರಿಗೆ ಹೆಸರು ತಂದ ದೊಡ್ಡ ಹುಣಸೆ ಮರಗಳನ್ನು ನೋಡಲು ಹೋಗಲಿಲ್ಲ. ಮೇಸ್ತ್ರಿಯ ಅಣ್ಣನ ಮೊಮ್ಮಗ ದಾದಾಪೀರ ಬಸ್ ನಿಲ್ದಾಣದ ಹಿಂದೆ ರೇಡಿಯೇಟರ್ ದುರಸ್ತಿ ಅಂಗಡಿ ಇಟ್ಟಿದ್ದಾನೆ. ಬೆಸುಗೆಯ ಹೊಗೆಯ ನಡುವೆಯೇ ಸ್ಟೂಲು ಒರೆಸಿ, "ಕುಂಡರ್ರಿ ಸರ, ಚಾ ತರಸ್ತೇನಿ" ಎಂದ.

ನಾನು ಬಂದ ವಿಷಯ ಹೇಳಿದೆ. ದಾದಾಪೀರ ಬೆಸುಗೆ ಕೋಲು ಕೆಳಗಿಟ್ಟ.

"ನನಗಂತೂ ಬೇಕ್ರಿ ಆ ಹೆಸರು. ಬೆಂಕಿ ಇಟ್ರು ಅಂತರ ಬರೀರಿ, ಬಾಂಬ್ ಹಾಕಿದ್ರು ಅಂತರ ಬರೀರಿ."

"ಖರೆ ಅಲ್ಲದಿದ್ರೂ?"

"ಸರ, ನಿಮ್ಮನ್ನ ಯಾರರ 'ನೀವು ಎಲ್ಲಿಯವ್ರು' ಅಂತ ಕೇಳ್ಯಾರೇನು? ನೀವು ಹುಬ್ಬಳ್ಳಿ ಅಂತೀರಿ, ಮುಗೀತು. ನಾ ಸವಣೂರು ಅಂತೇನಿ, ಮುಗಿಯೂದಿಲ್ಲ. ನನ್ನ ಮಕ್ಕಳು ಆ ಕಲ್ಲಿನ ಫೋಟೋ ಮೊಬೈಲಿನ್ಯಾಗ ಇಟ್ಕೊಂಡು ಅಡ್ಡಾಡ್ತಾರ. ಕೇಳ್ದಾಗ ತಗದು ತೋರಸ್ತಾರ."

ಖರೆ ಸುಳ್ಳು ಎಂದು ಮಾತನಾಡುವುದು ನನಗೆ ಸುಲಭ, ನನಗೆ ಫೋಟೋದ ಅಗತ್ಯವಿಲ್ಲ. ಅತ್ತೆ ಹುಸೇನಬಿ ಹಿರೇಕೆರೂರಿನಲ್ಲಿದ್ದಾಳೆಂದು ವಿಳಾಸ ಹೇಳಿ, ದಾದಾಪೀರ ನನ್ನ ಕೈ ಹಿಡಿದುಕೊಂಡ: "ಹೆಂಗರ ಮಾಡಿ ಒಪ್ಪಸ್ರಿ. ಆದ್ರ ಆಕಿ ಭಾಳ ಗಟ್ಟಿ. ನಾನು ಹೋದ್ರ ಊಟ ಹಾಕ್ತಾಳ, ಆ ಮಾತು ತಗದ್ರ ಚಪ್ಪಲಿ ಹುಡಕ್ತಾಳ."

ರಾತ್ರಿ ಸವಣೂರಿನ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಬಂಕಾಪುರದಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಹೊರಟೆ. ಬಂಕಾಪುರ ದಾಟಿದ ಮೇಲೆ ನೆಲ ಹಸಿರಾಗುತ್ತದೆ, ಹತ್ತಿ ಹಿಂದೆ ಬಿದ್ದು ಭತ್ತದ ಗದ್ದೆ ಬರುತ್ತದೆ. ಕೊಯ್ಲು ನಡೆದಿತ್ತು. ಹಾನಗಲ್ಲಿನಲ್ಲಿ ಸಮಿತಿಯ ಪಟ್ಟಿಯಲ್ಲಿದ್ದ ಇನ್ನೊಬ್ಬ ಹೋರಾಟಗಾರನ ಮಗ ಇದ್ದರು. ಹೆಸರು ಗುರುಪಾದಪ್ಪ, ನಿವೃತ್ತ ಶಾಲಾ ಮಾಸ್ತರು. ದುಂಡಸಿಯಲ್ಲಿ ನಾನು ಮೂರನೇ ಇಯತ್ತೆಯವರೆಗೆ ಅಜ್ಜನ ಮನೆಯಿಂದ ಶಾಲೆಗೆ ಹೋಗುತ್ತಿದ್ದಾಗ ನನಗೆ ಮಗ್ಗಿ ಕಲಿಸಿದವರೂ ಅವರೇ. ಗುರುತು ಹಿಡಿದು, "ಹದಿನೇಳರ ಮಗ್ಗಿ ಬರತೈತೇನೋ ಈಗರ?" ಎಂದರು. ಬರುವುದಿಲ್ಲ ಎಂದೆ. "ಮತ್ತ ಡಾಕ್ಟರೇಟ್ ಯಾರ ಕೊಟ್ರು?"

ನೇರವಾಗಿ ಕೇಳಿದೆ: "ಸರ್, ಲಾರಿಗೆ ಬೆಂಕಿ ಇಟ್ಟಿದ್ದು ನಿಮ್ಮಪ್ಪಾರು ಹೇಳಿದ್ರ?"

ಮಾಸ್ತರು ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟರು. ಆಮೇಲೆ ನಾಚಿಕೆಯ ಲವಲೇಶವಿಲ್ಲದೆ ಹೇಳಿದರು: "ಬೆಂಕಿ ಇಟ್ಟಾಂವ ನಾನು."

"ನೀವು?"

"ನಾನ. ಸಾಲಿ ಗ್ಯಾದರಿಂಗಿಗೆ ನಾಟಕ ಬರದಿದ್ದೆ, 'ಡಿಪೋ ದಹನ' ಅಂತ. ನಮ್ಮಪ್ಪ ಹೇಳಿದ್ದು ಬ್ಯಾರೆ. ಲಾರಿ ಚಾಲೂ ಮಾಡೂ ಹ್ಯಾಂಡಲ್ ಎತ್ತಲಿಲ್ಲ, ಏನೋ ಗದ್ದಲ ಆತು ಅಂತಿದ್ದ. ಹ್ಯಾಂಡಲ್ ಎತ್ತಲಿಲ್ಲ ಅಂತ ನಾಟಕ ಮಾಡಿದ್ರ ಯಾರೋ ಚಪ್ಪಾಳಿ ಹೊಡೀತಾರ? ರಟ್ಟಿನ ಲಾರಿ ಮಾಡಿ, ಒಳಗ ಕೆಂಪ ಬಲ್ಬ್ ಇಟ್ಟು, ಕೆಂಪ ಹಾಳಿ ಫ್ಯಾನಿನ ಮುಂದ ಹಾರಸಿದೆ. ಊರ ಮಂದಿ ಎದ್ದು ನಿಂತು ಜೈಕಾರ ಹಾಕಿದ್ರು. ನಿಮ್ಮಜ್ಜ ಮುಂದಿನ ಸಾಲಿನ್ಯಾಗ ಕುಂತಿದ್ದ. ತೊಡಿ ಮ್ಯಾಲೆ ಯಾವುದೋ ಹುಡುಗ ಇತ್ತು."

ಆ ಹುಡುಗ ನಾನೇ ಇರಬೇಕು. ನಾನು ಕಂಡ ಉರಿ ಫ್ಯಾನಿನ ಗಾಳಿಗೆ ಹಾರಿದ ಕಾಗದ. ಅಜ್ಜ ಕಥೆ ಹೇಳಿದನೋ, ಇಲ್ಲವೇ ಪರದೆ ಎಳೆದ ಮೇಲೆ ನಾನೇ ಅವನ ಬಾಯಿಗೆ ಕಥೆ ಇಟ್ಟೆನೋ ಗೊತ್ತಿಲ್ಲ. ಮಾಸ್ತರು ನನ್ನ ಮುಖ ನೋಡಿ, "ತಪ್ಪೇನಾತು? ಊರಿಗೆ ಒಂದು ಹೆಮ್ಮಿ ಸಿಕ್ತು" ಎಂದರು. ಸಿಟ್ಟು ಬಂತು. ಗುರುಗಳ ಮೇಲೆ ಹೇಗೆ ತೋರಿಸುವುದು? ಹದಿನೇಳೈದಲೆ ಎಂಬತ್ತೈದು ಎಂದು ಹೇಳಿ ಎದ್ದು ಬಂದೆ.

ಹಾನಗಲ್ಲಿನಿಂದ ಹಿರೇಕೆರೂರಿಗೆ ಚಿಕ್ಕೇರೂರಿನ ಮೇಲೆ ಹೋಗುವ ಬಸ್ಸು ತಡವಾಗಿ ಬಂತು. ತಲುಪಿದಾಗ ಸಂಜೆ. ಮರುದಿನ ಸಂತೆಯಾದ್ದರಿಂದ ರಾತ್ರಿಯೇ ಗಾಡಿಗಳು ಬಂದು ನಿಂತಿದ್ದವು, ಲಾಡ್ಜಿನಲ್ಲಿ ಜಾಗ ಸಿಕ್ಕಿದ್ದೇ ಪುಣ್ಯ. ಬೆಳಿಗ್ಗೆ ರೊಟ್ಟಿ, ಎಣ್ಣೆಗಾಯಿ ಪಲ್ಯ ತಿಂದು, ಹತ್ತಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹುಸೇನಬಿಯ ಮನೆ ಹುಡುಕಿದೆ. ಅಂಗಳದಲ್ಲಿ ಮೊಮ್ಮಗನ ಹೆಂಡತಿ ಮೆಣಸಿನಕಾಯಿ ಹರಡುತ್ತಿದ್ದಳು. ಹುಸೇನಬಿ ಕಟ್ಟೆಯ ಮೇಲೆ ಕುಳಿತು ಆಕೆಗೆ ಅದನ್ನು ಹರಡುವುದು ಹೇಗೆಂದು ಹೇಳುತ್ತಿದ್ದಳು. ತೊಂಬತ್ತರ ಹತ್ತಿರದ ವಯಸ್ಸು, ದನಿ ಮಾತ್ರ ಸಂತೆಯಾಚೆಗೂ ಕೇಳುವಂಥದ್ದು.

"ಕಲ್ಲಿನವ್ರೇನು?" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

"ಹೌದವ್ವ. ಆದ್ರ ನಾ ಸಹಿ ಕೇಳಾಕ ಬಂದಿಲ್ಲ. ಏನಾತು ಅಂತ ಕೇಳಾಕ ಬಂದೇನಿ."

"ಅದನ್ನ ಕೇಳಾಂವ ನೀನ ಮೊದಲನೇದಾಂವ. ಕುಂದರು. ಏ ಶಮ್ಶಾದ್, ಚಾ ಇಡ."

ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಕೊಡುತ್ತೇನೆ, ನಡುವೆ ಮೆಣಸಿನಕಾಯಿಗೆ ಸಂಬಂಧಿಸಿದ ಬೈಗುಳಗಳನ್ನು ಬಿಟ್ಟು.

"ನಾವು ಡಿಪೋದ ಬಾಜೂ ಗುಡಸಲದಾಗ ಇದ್ದಿವಿ. ನಾನು ಸಣ್ಣಾಕಿ, ಆದ್ರ ತಿಳೀತಿತ್ತು. ಲಾರಿ ಬ್ಯಾಟರಿ ಬಿಚ್ಚಿ ಒಳಗ ಇಡತಿದ್ರು. ಮುಂದ ಹ್ಯಾಂಡಲ್ ಹಾಕಿ ತಿರುವಿದ್ರನ ಗಾಡಿ ಚಾಲೂ ಆಗೂದು. ಅವತ್ತ ಖಂಡೇ ಪೂಜಿ, ದಸರಾದಾಗ ಹತಾರ ಪೂಜಿ ಮಾಡೂ ದಿನ. ಕೆಲಸದವ್ರು ಅಷ್ಟೂ ಹ್ಯಾಂಡಲ್ ತೊಳದು, ವಿಭೂತಿ ಕುಂಕುಮ ಹಚ್ಚಿ, ಕಂಬಳಿ ಮ್ಯಾಲೆ ಸಾಲಾಗಿ ಇಟ್ಟಿದ್ರು. ನಮ್ಮಪ್ಪನೂ ತನ್ನ ನಟ್ಟು ತಿರುವೂ ಪಾನಾ ತಂದು ಇಟ್ಟಿದ್ದ, ಪ್ರತಿ ವರ್ಷ ಇಡತಿದ್ದ. ಪೂಜಿಗೆ ಇಟ್ಟ ಹತಾರ ಮರುದಿವ್ಸ ಬನ್ನಿ ಮುಡಿಯೂತನಕ ಯಾರೂ ಎತ್ತೂದಿಲ್ಲ, ಗೊತ್ತೈತಲ್ಲ? ಮಧ್ಯಾಹ್ನ ಹುಕುಂ ಬಂತು, ಎಲ್ಲಾ ಗಾಡಿ ಈಗಿಂದೀಗ ಹೊಂಡಬೇಕು ಅಂತ. ಸಾಹೇಬ ಬಂದ. ಎತ್ತರಿ ಅಂದ. ಯಾರೂ ಎತ್ತಲಿಲ್ಲ. ಬೂಟಿಲೆ ಕಂಬಳಿ ತಳ್ಳಾಕ ಬಂದ. ನಮ್ಮಪ್ಪ ಅಡ್ಡ ನಿಂತ. 'ಸಾಹೇಬ, ಇವತ್ತ ಇವು ಕೆಲಸದ ಸಾಮಾನಲ್ಲ. ನಾಳೆ ಬರ್ರಿ, ಒಂದ ತಿರುವಿಗೆ ಚಾಲೂ ಮಾಡಿ ಕೊಡ್ತೇನಿ' ಅಂದ."

"ಸಾಹೇಬ ಏನ್ ಮಾಡಿದ?"

"ಹೊತ್ತು ಮುಳುಗೂತನಕ ಬಿಸಲಾಗ ನಿಂದರಸಿದ. ರೋಜಾ ಇದ್ದ ನಮ್ಮಪ್ಪ. ಮುಂಜಾನಿಂದ ಹನಿ ನೀರ ಕುಡಿದಿದ್ದಿಲ್ಲ. ನಾನು ನಮ್ಮವ್ವ ಬೆಲ್ಲದ ಚೂರು, ತಂಬಗಿ ನೀರು ಹಿಡಕೊಂಡು ದೂರ ನಿಂತಿದ್ವಿ. ಹೊತ್ತು ಮುಳುಗಿತು, ನಿಂತಲ್ಲೆ ರೋಜಾ ಬಿಟ್ಟ. ಮರುದಿವ್ಸ ಮಂದಿ ಬನ್ನಿ ಮುಡದ್ರು. ಆಮ್ಯಾಲೆ ಮಾತು ಕೊಟ್ಟಂಗ ಅಷ್ಟೂ ಗಾಡಿ ಚಾಲೂ ಮಾಡಿ ಕೊಟ್ಟ. ಕಡೇ ಗಾಡಿ ಹೋದಮ್ಯಾಲೆ ಕೆಲಸದಿಂದ ತಗದ್ರು."

ಕಥೆ ಅಲ್ಲಿಗೆ ಮುಗಿದಿದ್ದರೆ ಸಮಿತಿಯವರು ಮಾಡಿದ ಫೋನನ್ನು ಆಕೆ ಇಟ್ಟುಬಿಡುತ್ತಿರಲಿಲ್ಲ. ಮುಂದೆ ಚಳವಳಿಯ ದಿನಗಳು ಬಂದಾಗ, ಗಾಡಿ ಚಾಲೂ ಮಾಡಿಕೊಟ್ಟ ಮೇಸ್ತ್ರಿ ಸಾಹೇಬನ ಮನುಷ್ಯ ಎಂದು ಸುತ್ತಲಿನ ಊರಲ್ಲಿ ಮಾತು ಹಬ್ಬಿತು. ಯಾರೂ ಕೆಲಸ ಕೊಡಲಿಲ್ಲ. ಹಿರೇಕೆರೂರಿಗೆ ಬಂದು ಹತ್ತಿ ಜಿನ್ನಿನ ಯಂತ್ರ ರಿಪೇರಿ ಮಾಡಿಕೊಂಡು ಬದುಕಿದ. ಹುಸೇನಬಿಯ ಮದುವೆಯ ಮಾತು ಎರಡು ಕಡೆ ಇದೇ ಕಾರಣಕ್ಕೆ ಮುರಿಯಿತಂತೆ.

"ಆವಾಗ ಸಾಹೇಬನ ಮನಷಾ ಅಂದ್ರು, ಸುಳ್ಳ. ಈಗ ಬೆಂಕಿ ಇಟ್ಟಾಂವ ಅಂತಾರ, ಅದೂ ಸುಳ್ಳ. ತಾನ ರಿಪೇರಿ ಮಾಡಿದ ಗಾಡಿಗೆ ಬೆಂಕಿ ಇಡತಾನೇನೋ ಮೇಸ್ತ್ರಿ? ಆ ಚನ್ನವೀರಪ್ಪಗ ಹೇಳು. 'ಎತ್ತಲಿಲ್ಲ' ಅಂತ ಬರದ್ರ ನನ್ನ ಹೆಬ್ಬೆಟ್ಟ ಹಾಕ್ತೇನಿ. ಬೆಂಕಿ ಅಂತ ಬರದ್ರ, ಬಸ್ಸು ಪುಕ್ಕಟ ಐತಿ, ಉಳಿ ತಗೊಂಡು ಬಂದು ನಾನ ಕೆತ್ತಿ ತಗೀತೇನಿ."

"ದಾದಾಪೀರಗ ಆ ಹೆಸರು ಬೇಕಂತವ್ವ."

"ಬೇಕಾಗಿರತೈತಿ. ಅವಂದು ನನಗ ಗೊತ್ತೈತಿ. ಸುಳ್ಳ ಹೆಸರಿನ ಆಸರಿಗೆ ನಿಂತ್ರ ನಾಳೆ ಮತ್ತೊಬ್ಬ ಬಂದು ಅದು ಸುಳ್ಳ ಅಂತಾನ. ಆವಾಗ ಎಲ್ಲಿ ಹೋಗ್ತಾನ ಅವ?"

ಚಹಾ ಬಂತು. ಏಳುವ ಮುನ್ನ ತಡೆಯಲಾರದೆ ಕೇಳಿದೆ: "ಬಸಣ್ಣ ಅಂತ ಒಬ್ಬರು ದುಂಡಸಿಯವ್ರು, ಅವರೂ ಅಲ್ಲೆ ಇದ್ರಂತ?"

"ಯಾವ ಬಸಣ್ಣ? ಗಿಡ್ಡ ಬಸಣ್ಣ?" ಹುಸೇನಬಿ ಬಾಯಿ ತುಂಬ ನಕ್ಕಳು. "ಸಾಹೇಬನ ಬೂಟು ಕಂಡಕೂಡ್ಲೆ ಜ್ವಾಳದ ಹೊಲದಾಗ ಬಿದ್ದು ಓಡಿದ್ನಪಾ! ಧೋತರದ ಚುಂಗು ಜಾಲಿಗೆ ಸಿಕ್ಕು, ಅದನ್ನ ಅಲ್ಲೆ ಬಿಟ್ಟು ಓಡಿದ. ಎಲ್ಲಾರೂ ಸಿಟ್ಟನ್ಯಾಗೂ ನಕ್ಕಿದ್ರು. ಯಾಕ, ನಿನಗ ಏನಾಗಬೇಕು?"

"ನಮ್ಮಜ್ಜ."

ಶಮ್ಶಾದ್ ಮೊದಲು ನಕ್ಕಳು, ನಾನೂ ನಕ್ಕೆ. ಹುಸೇನಬಿ ಮಾತ್ರ ನಗಲಿಲ್ಲ. "ಹಂಗಾರ ಇದನ್ನೂ ಬರಿತೀಯೇನು?" ಎಂದು ಕೇಳಿದಳು. ಬರೆಯುತ್ತೇನೆ ಎಂದೆ. ಬರೆದಿದ್ದೇನೆ.

ಶಿಗ್ಗಾಂವಿಗೆ ಮರಳುವ ದಾರಿಯುದ್ದಕ್ಕೂ ನನ್ನ ಹಳೆಯ ಕಾಯಿಲೆ ಕಾಡಿತು. ಆಕೆಯ ಮಾತನ್ನು ನಂಬಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಆ ಆಸೆಯೇ ಅನುಮಾನ ಹುಟ್ಟಿಸಿತು. ನಾನು ಬಣ್ಣದ ಕಾಗದವನ್ನು ಉರಿ ಎಂದು ಇಷ್ಟು ವರ್ಷ ಕಾಪಾಡಿಕೊಂಡವನು. ಆಕೆಯೂ ಅಪ್ಪನ ನೆನಪಿಗೆ ಏನೋ ಸೇರಿಸಿರಬಹುದಲ್ಲ?

ಚನ್ನವೀರಪ್ಪನವರ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಎಲ್ಲವನ್ನೂ ಹೇಳಿದೆ. ಬೆಂಕಿ ಎಂಬ ಶಬ್ದವನ್ನು ನಾನು ಬರೆಯುವುದಿಲ್ಲ. ನಮ್ಮಜ್ಜನ ಹೆಸರು ತೆಗೆಯಬೇಕು. ಮೇಸ್ತ್ರಿಯ ಹೆಸರಿನ ಮುಂದೆ "ಪೂಜೆಗಿಟ್ಟ ಹ್ಯಾಂಡಲ್‌ಗಳನ್ನು ಎತ್ತಗೊಡಲಿಲ್ಲ" ಎಂಬ ಸಾಲು ಇರಬೇಕು. ಅವರು ಅಳೆಯುತ್ತಿದ್ದ ಸೀರೆ ಕೆಳಗಿಟ್ಟರು.

"ಸರ, ಹ್ಯಾಂಡಲ್ ಎತ್ತಲಿಲ್ಲ ಅಂತ ಯಾವ ಊರಾಗ ಕಲ್ಲ ನಿಲ್ಲಸ್ಯಾರ ಹೇಳ್ರಿ?"

"ಯಾವ ಊರಾಗೂ ಇಲ್ಲ. ಅದಕ್ಕ ನಾವು ನಿಲ್ಲಸಬೇಕು. ಬೆಂಕಿ ಇಡಾಕ ಕತ್ತಲಿ ಬೇಕು. ಇವರು ಹಾಡಹಗಲ ಸಾಹೇಬನ ಮುಂದ ಎತ್ತೂದಿಲ್ಲ ಅಂದ್ರು."

"ಮುದಕಿ ಮಾತು ಕಟಗೊಂಡು..." ಎಂದವರು ಸಟ್ಟನೆ ಕಣ್ಣು ಸಣ್ಣ ಮಾಡಿದರು. ವ್ಯಾಪಾರಿಯ ಕಣ್ಣು, ಹರಿದ ಎಳೆ ಕೂಡಲೇ ಸಿಗುತ್ತದೆ. "ಖಂಡೇ ಪೂಜಿ ದಿನಾ ರೋಜಾ ಇದ್ದ ಅಂದ್ಲಾ? ದಸರಾದಾಗ ಎಲ್ಲೆ ರಂಜಾನ್ ಬರತೈತ್ರಿ? ಈ ವರ್ಷ ಶಿವರಾತ್ರಿ ಮುಗದಮ್ಯಾಲೆ ಬಂತು. ಎರಡು ಹಬ್ಬ ಕಲಸಿ ಕತಿ ಕಟ್ಯಾಳ. ಅದೊಂದು ಖರೆ ಅಂತ ತೋರಸ್ರಿ, ಕಲ್ಲು ನಿಮ್ಮ ಕೈಯಾಗ ಕೊಡ್ತೇನಿ. ಇಲ್ಲಂದ್ರ ಬೆಂಕಿ ಅಂತ ನಾನ ಬರಸ್ತೇನಿ."

ಆ ಅನುಮಾನ ನನಗೂ ಬಂದಿತ್ತು, ಬಾಯಿಬಿಟ್ಟಿರಲಿಲ್ಲ. "ತೋರಸ್ತೇನಿ. ಅಲ್ಲೀತನಕ ಉಳಿ ಮುಟ್ಟಬ್ಯಾಡ್ರಿ" ಎಂದೆ. ಗಿರಾಕಿಗಳ ಮುಂದೆ ಆಡಿದ ಮಾತು, ಹಿಂತೆಗೆಯಲು ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಬಸ್ಸಿನಿಂದಲೇ ಅವ್ವನಿಗೆ ಫೋನು ಮಾಡಿ ಅಜ್ಜನ ಹೆಸರಿನ ವಿಷಯ ಹೇಳಿದೆ. "ಕೆತ್ತಸಿ ಬಾ ಅಂತ ಕಳಿಸಿದ್ರ ಅಳಿಸಿ ಬಂದಿ?" ಎಂದು ಇಟ್ಟುಬಿಟ್ಟಳು. ಇಟ್ಟುಬಿಡಲಿ. ನಾನೂ ಆಕೆಯ ಮಗನೇ, ಹಟ ನನಗೂ ಇದೆ.

ಹುಬ್ಬಳ್ಳಿಗೆ ಮರಳಿದ ಮೇಲೆ ಧಾರವಾಡಕ್ಕೆ ಹೋಗಿ ಯುದ್ಧದ ವರ್ಷಗಳ ಪಂಚಾಂಗಗಳನ್ನು ತೆಗೆಸಿ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವ ಹಿಜರಿ ತಿಂಗಳ ಲೆಕ್ಕದೊಂದಿಗೆ ಸಾಲುಸಾಲಾಗಿ ಹೋಲಿಸಿದೆ. ಅದರಿಂದ ಎಲ್ಲವೂ ಸಾಬೀತಾಗುವುದಿಲ್ಲ. ಸಾಹೇಬನ ಬೂಟಿಗೆ, ಬೆಲ್ಲದ ಚೂರಿಗೆ ಇಂದಿಗೂ ಸಾಕ್ಷಿ ಹುಸೇನಬಿ ಒಬ್ಬಳೇ. ಆದರೆ ಚನ್ನವೀರಪ್ಪನವರಿಗೆ ಕಳಿಸಿದ್ದು ಇಷ್ಟು, ಇದನ್ನು ಯಾರು ಬೇಕಾದರೂ ತಿರುಗಿ ನೋಡಬಹುದು: ಯುದ್ಧ ಶುರುವಾದ ಮೇಲಿನ ಮೊದಲ ಮೂರು ದಸರಾಗಳಲ್ಲಿಯೂ, ಮೂವತ್ತೊಂಬತ್ತರಿಂದ ನಲವತ್ತೊಂದರವರೆಗೆ, ಖಂಡೇ ಪೂಜೆ ರಂಜಾನ್ ತಿಂಗಳೊಳಗೇ ಬಿದ್ದಿತ್ತು, ನಲವತ್ತೆರಡರಲ್ಲಿ ಮಾತ್ರ ಪೂಜೆಗೆ ಸುಮಾರು ಒಂದು ವಾರ ಮೊದಲೇ ರೋಜಾ ಮುಗಿದು ಹೋಗಿತ್ತು. ಅಂದರೆ ಹುಸೇನಬಿ ಹೇಳಿದ ದಿನ ಇರಬಹುದಾದದ್ದೇ, ಆದರೆ ಅದು ಚಳವಳಿಗೆ ಮೊದಲಿನದು, ಕಲ್ಲಿಗೆ ಬೇಕಾದ ನಲವತ್ತೆರಡರದ್ದಲ್ಲ.